ಆಯಿಯ ಹಾಡಿಗೆ 48 ವೋಲ್ಟು

ಕಾಖಂಡಕಿ ಎಂದರೆ ಸುತ್ತಲಿನ ಊರವರಿಗೆ ತಟ್ಟನೆ ನೆನಪಾಗುವುದು ಎರಡು. ಒಂದು ಎತ್ತು ಓಡಿಸುವ ಕಾರಹುಣ್ಣಿಮೆಯ ಕರಿ, ಇನ್ನೊಂದು ಮಹಿಪತಿದಾಸರು. ಕರಿ ಹರಿಯುವ ಹೊತ್ತಿನ ಹಲಗಿಯ ಸದ್ದು, ಸಿಳ್ಳೆ, ಕೇಕೆಗಳಿಗೆ ಮೈಕೇ ಬೇಕಿಲ್ಲ, ಊರಾಚೆಗೂ ಕೇಳುತ್ತವೆ. ದಾಸರ ಪದಗಳ ಮಾತು ಬೇರೆ. 17ನೆಯ ಶತಮಾನದಲ್ಲಿ ವಿಜಯಪುರದ ಆದಿಲ್‌ಶಾಹಿ ದರ್ಬಾರಿನ ಕೆಲಸ ಬಿಟ್ಟು, ಸಾರವಾಡದ ಭಾಸ್ಕರಸ್ವಾಮಿಗಳಿಂದ ಉಪದೇಶ ಪಡೆದು, ಈ ಊರಿನಲ್ಲಿ ನೆಲೆನಿಂತ ಮಹಿಪತಿದಾಸರು ಕನ್ನಡದಲ್ಲಷ್ಟೇ ಅಲ್ಲ, ಮರಾಠಿಯಲ್ಲೂ ಹಿಂದಿಯಲ್ಲೂ ಪದ ಕಟ್ಟಿದರು. ಆ ಪದಗಳನ್ನು ಇಂದಿಗೂ ಹಾಡುತ್ತೇವೆ. ಆದರೆ ದಾಸರು ಎಲ್ಲಿ ದನಿ ಎತ್ತುತ್ತಿದ್ದರು, ಎಲ್ಲಿ ಇಳಿಸುತ್ತಿದ್ದರು, ಯಾವ ಮಾತಿನ ಮೇಲೆ ತಡೆದು ನಿಲ್ಲುತ್ತಿದ್ದರು ಎಂಬುದು ಯಾರಿಗೂ ಸಿಗುವುದಿಲ್ಲ. ಧ್ವನಿಯನ್ನು ಹಿಡಿದಿಡುವ ಯಂತ್ರ ಆಗ ಜಗತ್ತಿನಲ್ಲೇ ಇರಲಿಲ್ಲ.

ಇನ್ನೂರೈವತ್ತು ವರ್ಷ ಕಳೆದ ಮೇಲೂ ನಮ್ಮ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಸ್ಥಿತಿ ಹೆಚ್ಚೇನೂ ಬದಲಾಗಿರಲಿಲ್ಲ. ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದ ಗೆಳೆಯರು ಸೇರಿ, ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಬಂತು. ನಮ್ಮ ಜಿಲ್ಲೆ ಕನ್ನಡಕ್ಕೆ ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಅದೂ ಒಂದು ಎಂದು ನಾನು ನಂಬಿದ್ದೇನೆ. ಆದರೂ ಅವರ ಕೈಯಲ್ಲಿದ್ದದ್ದು ಕಾಗದ, ಲೇಖನಿ. ಹಾಡಿನ ಮಾತು ಪುಸ್ತಕಕ್ಕೆ ಬಂತು. ಬೀಸುವ ಕಲ್ಲಿನ ಗರಗರ, ನಡುವೆ ಉಸಿರು ತೆಗೆದುಕೊಂಡ ಜಾಗ, ಒಬ್ಬಾಕೆ ಬಿಟ್ಟ ಸೊಲ್ಲನ್ನು ಇನ್ನೊಬ್ಬಾಕೆ ಎತ್ತಿಕೊಂಡ ರೀತಿ ಕಾಗದದ ಮೇಲೆ ಇಳಿಯುವಂಥದ್ದಲ್ಲ.

ಅದನ್ನೆಲ್ಲ ಹಿಡಿದಿಡುವ ಕೆಲಸ ಈಗ ನಿಮ್ಮಿಂದ ಆಗುತ್ತದೆ. ನಿಮ್ಮ ಮನೆಯಲ್ಲೋ ಪಕ್ಕದ ಓಣಿಯಲ್ಲೋ ಬೀಸುವ ಪದ, ಸೋಬಾನೆ ಪದ ಬಲ್ಲ ಆಯಿ ಇದ್ದಾರೆ. ರಾತ್ರಿ ಕಣದಲ್ಲಿ ಎತ್ತು ಕಟ್ಟಿ ಹಂತಿ ಹೊಡೆಯುತ್ತ ಹಾಡಿದ ಮುತ್ಯಾ ಇದ್ದಾರೆ. ರಾಶಿಗೆ ಯಂತ್ರ ಬಂದ ಮೇಲೆ ಹಂತಿ ನಿಂತಿತು, ಹಂತಿಯ ಪದಕ್ಕೆ ಕೆಲಸ ತಪ್ಪಿತು. ಅದನ್ನು ಬಲ್ಲವರ ವಯಸ್ಸು ಈಗ ಎಪ್ಪತ್ತು, ಎಂಬತ್ತು.

“ಮೊಬೈಲ್ ಐತಲ್ರಿ, ಅದರಾಗ ಹಿಡದ್ರ ಆತಲ್ರಿ?” ಎಂದು ನೀವು ಕೇಳಬಹುದು. ಏನೂ ಇಲ್ಲದಿದ್ದರೆ ಖಂಡಿತ ಮೊಬೈಲಿನಲ್ಲೇ ಹಿಡಿಯಿರಿ, ಕಾಯಬೇಡಿ. ಆದರೆ ಮೊಬೈಲನ್ನು ಕಟ್ಟಿರುವುದು ಮುಖ್ಯವಾಗಿ ಹತ್ತಿರದಿಂದ ಆಡುವ ಮಾತಿಗಾಗಿ. ಒಂದೇ ಸಮನೆ ಬರುವ ಸದ್ದನ್ನು ಅದು ಗದ್ದಲವೆಂದು ತಿಳಿದು ಅಳಿಸಲು ನೋಡುತ್ತದೆ. ಏಕತಾರಿಯ ನಾದವೂ ಬೀಸುವ ಕಲ್ಲಿನ ಗರಗರವೂ ಒಂದೇ ಸಮನೆ ಬರುವ ಸದ್ದುಗಳೇ. ಹಾಡುವವರು ದನಿ ತಗ್ಗಿಸಿದರೆ ಮೊಬೈಲು ತಾನೇ ಏರಿಸುತ್ತದೆ, ಅವರು ಏರಿಸಿದರೆ ತಾನೇ ತಗ್ಗಿಸುತ್ತದೆ. ಹಾಡಿನ ಏರಿಳಿತವೇ ಸಪಾಟಾಗುತ್ತದೆ.

ಹಾಗಾಗಿ ಒಳ್ಳೆಯ ಮೈಕು, ಅಂಗೈಯಲ್ಲಿ ಹಿಡಿಸುವ ಒಂದು ರೆಕಾರ್ಡರ್ ಬೇಕು. ಶಾಲೆಗೋ ಊರಿನ ಗ್ರಂಥಾಲಯಕ್ಕೋ ಇವು ಸಿಕ್ಕಿವೆ ಎಂದುಕೊಳ್ಳೋಣ. ಮೈಕನ್ನು ರೆಕಾರ್ಡರಿಗೆ ಚುಚ್ಚಿ ಗುಂಡಿ ಒತ್ತಿದರೆ ಏನೂ ಕೇಳುವುದಿಲ್ಲ! ಎರಡೂ ಸರಿಯಾಗಿಯೇ ಇವೆ, ಆದರೂ ಸದ್ದಿಲ್ಲ. ಏಕೆಂದು ತಿಳಿಯಲು ಮೈಕಿನ ಒಳಗೆ ಏನಿದೆ ಎಂದು ನೋಡಬೇಕು.

ಭಜನೆಗೆ, ಮದುವೆಗೆ ಬರುವ ಮೈಕ್‌ಸೆಟ್‌ನ ಮೈಕನ್ನು ಬಲ್ಲಿರಿ. ಅದರ ಒಳಗೆ ಒಂದು ಪೊರೆ, ಪೊರೆಗೆ ಅಂಟಿದ ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ದನಿ ಬಡಿದರೆ ಪೊರೆ ಅಲುಗುತ್ತದೆ, ಅದರ ಜೊತೆ ಸುರುಳಿಯೂ ಅಲುಗುತ್ತದೆ. ಅಯಸ್ಕಾಂತದ ಬಳಿ ಸುರುಳಿ ಅಲುಗಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟಿದ್ದ. ಈ ಮೈಕಿಗೆ ಹೊರಗಿನಿಂದ ಕರೆಂಟು ಬೇಡ. ಗಟ್ಟಿಮುಟ್ಟು, ಕೆಳಗೆ ಬಿದ್ದರೂ ಸುಲಭಕ್ಕೆ ಕೆಡುವುದಿಲ್ಲ. ಆದರೆ ಪೊರೆಯ ಜೊತೆ ಸುರುಳಿಯ ಭಾರವೂ ಇದೆಯಲ್ಲ, ಸಣ್ಣ ದನಿಗೆ ಅದು ಚೆನ್ನಾಗಿ ಅಲುಗುವುದಿಲ್ಲ. ಬಾಯಿಗೆ ಹತ್ತಿರ ಹಿಡಿದು ಗಟ್ಟಿಯಾಗಿ ಹಾಡಬೇಕು. ಬೀಸುವ ಕಲ್ಲಿನ ಮುಂದೆ ಕೂತ ಆಯಿಯ ಬಾಯಿಗೆ ಮೈಕು ಹಿಡಿದರೆ ಆಕೆ ಹಾಡುವುದನ್ನೇ ನಿಲ್ಲಿಸಿ ನಿಮ್ಮ ಮುಖ ನೋಡುತ್ತಾಳೆ.

ಇನ್ನೊಂದು ಬಗೆ ಕಂಡೆನ್ಸರ್ ಮೈಕು. ಇದನ್ನು 1916ರಲ್ಲಿ ಅಮೆರಿಕದ ಇ. ಸಿ. ವೆಂಟೆ ಎಂಬ ಎಂಜಿನಿಯರ್ ರೂಪಿಸಿದ. ಇದರಲ್ಲಿ ಸುರುಳಿಯೂ ಇಲ್ಲ, ಅಯಸ್ಕಾಂತವೂ ಇಲ್ಲ. ಒಂದು ಗಟ್ಟಿ ತಗಡು, ಅದರ ಮುಂದೆ ಕೂದಲೆಳೆಗಿಂತ ಎಷ್ಟೋ ತೆಳ್ಳಗಿನ ಲೋಹಲೇಪಿತ ಪೊರೆ, ನಡುವೆ ಕಿರಿದಾದ ಗಾಳಿಯ ಸಂದು. ತಗಡಿಗೂ ಪೊರೆಗೂ ವಿದ್ಯುತ್ತಿನ ಆವೇಶ ಕೊಟ್ಟಿರುತ್ತಾರೆ. ದನಿಗೆ ಪೊರೆ ಅಲುಗಿದಾಗ ಸಂದು ಹಿಗ್ಗುತ್ತದೆ, ಕುಗ್ಗುತ್ತದೆ. ಆವೇಶ ಅಷ್ಟೇ ಇದ್ದು ಸಂದು ಮಾತ್ರ ಬದಲಾದರೆ ಅವೆರಡರ ನಡುವಿನ ವೋಲ್ಟೇಜೂ ಬದಲಾಗಲೇಬೇಕು. ಆ ಬದಲಾವಣೆಯೇ ನಮಗೆ ಬೇಕಾದ ಧ್ವನಿ. ಪೊರೆ ಹಗುರ, ಹೊರುವ ಭಾರವೇನೂ ಇಲ್ಲ. ಹಾಗಾಗಿ ಆಯಿ ಒಂದು ಮಾರು ದೂರದಲ್ಲಿ ಕೂತು ಮೆಲ್ಲಗೆ ಗುನುಗಿದರೂ ಇದು ಕೇಳಿಸಿಕೊಳ್ಳುತ್ತದೆ.

ಆದರೆ ಪೊರೆಯಿಂದ ಹುಟ್ಟುವ ಸಂಕೇತ ಬಹಳ ದುರ್ಬಲ. ಉದ್ದ ವೈರಿನಲ್ಲಿ ಹರಿಯುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ಮೈಕಿನ ಹೊಟ್ಟೆಯಲ್ಲೇ ಒಂದು ಟ್ರಾನ್ಸಿಸ್ಟರ್ ಇಟ್ಟು ಬಲ ಕೊಡುತ್ತಾರೆ. ಟ್ರಾನ್ಸಿಸ್ಟರಿಗೆ ಕರೆಂಟು ಬೇಕು. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಎಂಬ ಇಬ್ಬರು, ಆವೇಶವನ್ನು ವರ್ಷಗಟ್ಟಲೆ ತನ್ನಲ್ಲೇ ಇಟ್ಟುಕೊಳ್ಳುವ ಪ್ಲಾಸ್ಟಿಕ್ ಪೊರೆಯನ್ನು ಮೈಕಿಗೆ ಬಳಸಿದರು. ಅದಕ್ಕೆ ಎಲೆಕ್ಟ್ರೆಟ್ ಎನ್ನುತ್ತಾರೆ. ಅದರಿಂದ ಮೈಕು ಅಗ್ಗವಾಯಿತು, ಪುಟ್ಟದಾಯಿತು. ಆದರೂ ಟ್ರಾನ್ಸಿಸ್ಟರಿನ ಬೇಡಿಕೆ ತಪ್ಪಲಿಲ್ಲ. ನಿಮ್ಮ ಕೈಯಲ್ಲಿರುವ ಮೈಕು ಸುಮ್ಮನಿದ್ದದ್ದು ಇದಕ್ಕೇ.

ಮೈಕಿಗೆ ಕರೆಂಟು ಕೊಡಲು ಬೇರೆ ವೈರು ಎಳೆಯಬಹುದಿತ್ತು. ಹಳೆಯ ಕಾಲದ, ವಾಲ್ವ್ ಇದ್ದ ಮೈಕುಗಳಿಗೆ ಹಾಗೆಯೇ ಮಾಡುತ್ತಿದ್ದರು. ಪ್ರತಿ ಮೈಕಿಗೂ ಒಂದು ಭಾರದ ಪೆಟ್ಟಿಗೆ, ಹಲವು ಎಳೆಗಳ ದಪ್ಪ ಕೇಬಲು. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆ ದೇಶದ ರೇಡಿಯೊಗಾಗಿ ಟ್ರಾನ್ಸಿಸ್ಟರ್ ಮೈಕು ಮಾಡಿಕೊಡಬೇಕಾಯಿತು. ನಾರ್ವೆ ಬಹಳ ಉತ್ತರದ ದೇಶ. ಚಳಿಗಾಲದಲ್ಲಿ ಅಲ್ಲಿ ಹಗಲೆಂಬುದು ತೀರ ಚಿಕ್ಕದು, ಉತ್ತರದ ತುದಿಯಲ್ಲಂತೂ ಸೂರ್ಯ ಮೇಲೇ ಬರುವುದಿಲ್ಲ. ಹಾಗಾಗಿ ಅಲ್ಲಿನ ಸ್ಟುಡಿಯೊಗಳಲ್ಲಿ ಕರೆಂಟು ಹೋದರೆ ಉರಿಸಲೆಂದು 48 ವೋಲ್ಟಿನ ತುರ್ತು ದೀಪಗಳ ವ್ಯವಸ್ಥೆ ಇತ್ತು. ಇರುವ ಆ 48 ವೋಲ್ಟನ್ನೇ ಮೈಕಿಗೂ ಬಳಸೋಣ ಎಂದು ಎಂಜಿನಿಯರುಗಳು ತೀರ್ಮಾನಿಸಿದರು. ಮುಂದೆ ಅದೇ ಜಗತ್ತಿನ ನಿಯಮವಾಯಿತು. ಕಾಖಂಡಕಿಯ ಅಂಗಳದಲ್ಲಿ ನೀವು ಇಡುವ ಮೈಕು ಕೂಡ 48 ವೋಲ್ಟು ಕೇಳುವುದು ನಾರ್ವೆಯ ಆ ದೀಪಗಳ ದೆಸೆಯಿಂದ. ಇದಕ್ಕೆ ಫ್ಯಾಂಟಮ್ ಪವರ್ ಎಂಬ ಹೆಸರಿದೆ.

ಇದರ ಜಾಣತನ ಇರುವುದು 48ರಲ್ಲಿ ಅಲ್ಲ, ವೈರಿನಲ್ಲಿ. ಮೈಕಿನ ಕೇಬಲಿನ ತುದಿಯಲ್ಲಿ ಮೂರು ಪಿನ್ನುಗಳಿವೆ. ಒಂದನೆಯದು ಹೊರಗಿನ ಜಾಲರಿಗೆ ಸೇರಿದ್ದು, ಅದು ನೆಲ. ಎರಡು ಮತ್ತು ಮೂರನೆಯವು ಧ್ವನಿಯ ವೈರುಗಳು. ಒಂದರಲ್ಲಿ ಧ್ವನಿಯ ಸಂಕೇತ ಮೇಲೇರಿದಾಗ ಇನ್ನೊಂದರಲ್ಲಿ ಕೆಳಗಿಳಿಯುತ್ತದೆ. ಆಚೆ ತುದಿಯ ಯಂತ್ರ ಇವೆರಡರ ನಡುವಿನ ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. 48 ವೋಲ್ಟನ್ನು ಎರಡೂ ವೈರುಗಳಿಗೆ ಸರಿಸಮವಾಗಿ ಕೊಡುತ್ತಾರೆ. ನೊಗಕ್ಕೆ ಹೂಡಿದ ಎರಡು ಎತ್ತು ಸಮನಾಗಿ ಮುಂದೆ ಹೋದರೆ ನೊಗ ಓರೆಯಾಗುವುದಿಲ್ಲ, ಒಂದು ಮುಂದಾಗಿ ಇನ್ನೊಂದು ಹಿಂದಾದರೆ ಮಾತ್ರ ಓರೆಯಾಗುತ್ತದೆ. ಯಂತ್ರ ನೋಡುವುದು ಆ ಓರೆಯನ್ನಷ್ಟೇ. ಎರಡೂ ವೈರುಗಳು ಒಟ್ಟಿಗೆ 48 ವೋಲ್ಟು ಮೇಲೇರಿ ನಿಂತಿದ್ದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಮೈಕು ಕೊಡುವ ಧ್ವನಿಯ ಸಂಕೇತ ಒಂದು ಮಿಲಿವೋಲ್ಟಿನ ಆಸುಪಾಸು. 48 ವೋಲ್ಟು ಎಂದರೆ 48,000 ಮಿಲಿವೋಲ್ಟು. ಅಷ್ಟು ದೊಡ್ಡದು ಅಷ್ಟು ಚಿಕ್ಕದರ ಜೊತೆ ಒಂದೇ ವೈರಿನಲ್ಲಿ ಇದ್ದೂ ಅದನ್ನು ಕೆಡಿಸದೆ ಇರುವುದು ನನಗೆ ಇವತ್ತಿಗೂ ಸೋಜಿಗ.

ಎರಡೂ ವೈರಿಗೆ ಸಮನಾಗಿ ಕೊಡಲು ಎರಡು ರೆಸಿಸ್ಟರುಗಳಿವೆ. ಒಂದೊಂದೂ 6,800 ಓಮ್. ನಿಯಮದ ಪ್ರಕಾರ ಇವೆರಡರ ನಡುವಿನ ವ್ಯತ್ಯಾಸ ನೂರಕ್ಕೆ 0.4ಕ್ಕಿಂತ ಹೆಚ್ಚಿರಬಾರದು. ರೆಸಿಸ್ಟರನ್ನು ತೆಗೆದು ನೇರವಾಗಿ 48 ವೋಲ್ಟು ಕೊಟ್ಟರೆ ಇನ್ನೂ ಚೆನ್ನ ಅಲ್ಲವೇ ಎಂದು ಅನ್ನಿಸಬಹುದು. ಹಾಗೆ ಮಾಡಿದರೆ ಎರಡು ಮತ್ತು ಮೂರನೆಯ ವೈರುಗಳು 48 ವೋಲ್ಟು ಬರುವ ಬುಡದಲ್ಲೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎರಡರ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ, ಧ್ವನಿಯೂ ಉಳಿಯುವುದಿಲ್ಲ. ರೆಸಿಸ್ಟರಿನ ಇನ್ನೊಂದು ಉಪಕಾರ: ವೈರು ಎಲ್ಲಾದರೂ ಶಾರ್ಟ್ ಆದರೂ ಒಂದು ವೈರಿನಲ್ಲಿ 7 ಮಿಲಿ ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಹರಿಯಬಹುದು, ಅಷ್ಟೇ. 48ನ್ನು 6,800ರಿಂದ ಭಾಗಿಸಿ ನೋಡಿ.

ಎಂಟು, ಒಂಬತ್ತನೆಯ ತರಗತಿಯವರು ಇನ್ನೊಂದು ಲೆಕ್ಕ ಮಾಡಬಹುದು. ಒಂದು ಮೈಕು 3 ಮಿಲಿ ಆಂಪಿಯರ್ ಎಳೆಯುತ್ತದೆ ಎನ್ನೋಣ. ಎರಡು ವೈರಿಗೆ ಹಂಚಿದರೆ ಒಂದೊಂದಕ್ಕೆ 1.5. ಓಮನ ನಿಯಮದಂತೆ 0.0015ನ್ನು 6,800ರಿಂದ ಗುಣಿಸಿದರೆ 10.2 ವೋಲ್ಟು. ಅಷ್ಟು ರೆಸಿಸ್ಟರಿನಲ್ಲೇ ಕಳೆದುಹೋಯಿತು. ಮೈಕಿಗೆ ತಲುಪಿದ್ದು 37.8. ಇದು ದೋಷವಲ್ಲ, ಮೈಕು ಮಾಡುವವರು ಈ ಲೆಕ್ಕವನ್ನು ಹಿಡಿದೇ ಮಾಡಿರುತ್ತಾರೆ.

ಈಗ ನಮ್ಮ ಪುಟ್ಟ ರೆಕಾರ್ಡರಿಗೆ ಬರೋಣ. ಇಂಥವಕ್ಕೆ ಮೊಬೈಲಿನ ಹೆಡ್‌ಫೋನಿಗೆ ಇರುವಷ್ಟೇ ಚಿಕ್ಕ, 3.5 ಮಿಲಿಮೀಟರಿನ ತೂತು ಇರುತ್ತದೆ. ಅದು ಕೊಡುವುದು ಎರಡು ಮೂರು ವೋಲ್ಟು ಮಾತ್ರ. ಅಂಗಿಗೆ ಸಿಕ್ಕಿಸುವ ಪುಟಾಣಿ ಮೈಕಿಗೆ ಅಷ್ಟು ಸಾಕು, ನಮ್ಮ ಮೈಕಿಗೆ ಸಾಲದು. ದುಬಾರಿ ರೆಕಾರ್ಡರುಗಳು ತಾವೇ 48 ವೋಲ್ಟು ಕೊಡುತ್ತವೆ. ಎರಡು ಪೆನ್ಸಿಲ್ ಸೆಲ್ಲಿನ 3 ವೋಲ್ಟನ್ನು ಏರಿಸಿ 48 ಮಾಡುವ ಸರ್ಕ್ಯೂಟು ಅವುಗಳ ಒಳಗಿದೆ. ಆದರೆ ಪುಕ್ಕಟೆಯಾಗಿ ಏನೂ ಬರುವುದಿಲ್ಲ. 48 ವೋಲ್ಟಿನಲ್ಲಿ 3 ಮಿಲಿ ಆಂಪಿಯರ್ ಬೇಕಾದರೆ 3 ವೋಲ್ಟಿನ ಸೆಲ್ಲಿನಿಂದ ಕಡಿಮೆಯೆಂದರೂ 48 ಮಿಲಿ ಆಂಪಿಯರ್ ತೆಗೆಯಬೇಕು, ನಡುವೆ ಆಗುವ ನಷ್ಟ ಸೇರಿದರೆ ಇನ್ನೂ ಹೆಚ್ಚು. ಹಾಡು ಅರ್ಧಕ್ಕೆ ಬಂದಿರುವಾಗ ಸೆಲ್ಲು ಮುಗಿಯುವುದು ಇದರಿಂದಲೇ.

ಅಂಗಡಿಯಲ್ಲಿ ಫ್ಯಾಂಟಮ್ ಪವರ್ ಪೆಟ್ಟಿಗೆಗಳು ಸಿಗುತ್ತವೆ. ಒಂದು ಕಡೆ ಮೈಕು ಚುಚ್ಚಬೇಕು, ಇನ್ನೊಂದು ಕಡೆಯಿಂದ ಧ್ವನಿ ತೆಗೆಯಬೇಕು. ಇವನ್ನು ಸ್ಟುಡಿಯೊಗೆಂದು ಮಾಡಿರುತ್ತಾರೆ. ಗೋಡೆಯ ಪ್ಲಗ್ಗಿಗೆ ಹಾಕುವ ಅಡಾಪ್ಟರು, ದೊಡ್ಡ ಮೂರು ಪಿನ್ನಿನ ಬಾಯಿ. ಹೊಲದ ಬದುವಿಗೋ ಕಣಕ್ಕೋ ಇದನ್ನು ಒಯ್ದರೆ ಪ್ಲಗ್ಗು ಎಲ್ಲಿ ಹುಡುಕುತ್ತೀರಿ? ಮನೆಯಲ್ಲೇ ಹಾಕಿದರೂ ಕರೆಂಟು ಯಾವಾಗ ಹೋದೀತೋ ಗೊತ್ತಿಲ್ಲ. ಕೆಲವು ಅಡಾಪ್ಟರುಗಳು ಧ್ವನಿಯ ಜೊತೆ ‘ಜುಂಯ್’ ಎಂಬ ಸದ್ದನ್ನೂ ಸೇರಿಸುತ್ತವೆ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಹರಿಯುತ್ತದೆ, ಆ ಹರಿದಾಟದ ಸದ್ದು ಅದು. ಹಾಗಾಗಿ ಈ ಪೆಟ್ಟಿಗೆಯನ್ನು ಎರಡು ಕಡೆ ಬದಲಿಸಬೇಕು: ಕರೆಂಟು ಬರುವ ಕಡೆ, ಧ್ವನಿ ಹೋಗುವ ಕಡೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೋಡೆಯ 230 ವೋಲ್ಟಿಗೆ ನೇರ ಸೇರುವ ಯಾವ ಪೆಟ್ಟಿಗೆಯನ್ನೂ ನೀವು ಬಿಚ್ಚಬಾರದು, ಪ್ಲಗ್ಗು ತೆಗೆದಿದ್ದರೂ ಬಿಚ್ಚಬಾರದು. ಒಳಗೆ ಕೆಪಾಸಿಟರಿನಲ್ಲಿ ಆವೇಶ ಉಳಿದಿರುತ್ತದೆ, ಅದು ಜೀವಕ್ಕೇ ಅಪಾಯ. ನಾವು ಮುಟ್ಟುವುದು ಸೆಲ್ಲಿನಲ್ಲಿ ನಡೆಯುವ ಭಾಗವನ್ನು ಮಾತ್ರ. ಬೆಸುಗೆ ಹಾಕುವಾಗ ವಿಜ್ಞಾನದ ಮೇಷ್ಟ್ರೋ ರೇಡಿಯೊ ರಿಪೇರಿ ಬಲ್ಲ ಹಿರಿಯರೋ ಪಕ್ಕದಲ್ಲಿರಲಿ. ಬೆಸುಗೆಯ ಕಡ್ಡಿಯ ತುದಿ 300 ಡಿಗ್ರಿಗೂ ಹೆಚ್ಚು ಕಾದಿರುತ್ತದೆ.

ಮೊದಲು ಕರೆಂಟಿನ ಕಡೆ. ಚೌಕದ 9 ವೋಲ್ಟಿನ ಸೆಲ್ಲು ನಿಮಗೆ ಗೊತ್ತು. ಒಂದರ ಧನ ತುದಿಗೆ ಇನ್ನೊಂದರ ಋಣ ತುದಿ ಸೇರಿಸುತ್ತ ಹೋದರೆ ವೋಲ್ಟೇಜು ಕೂಡುತ್ತದೆ. ಐದು ಸೆಲ್ಲಿಗೆ 45. ಈ ಸಾಲಿನ ಧನ ತುದಿ ಎರಡೂ ರೆಸಿಸ್ಟರುಗಳು ಕೂಡುವ ಜಾಗಕ್ಕೆ, ಋಣ ತುದಿ ನೆಲಕ್ಕೆ. ನಿಯಮ ಒಪ್ಪುವುದು 44ರಿಂದ 52ರ ತನಕ, ಹಾಗಾಗಿ 45 ನಡೆಯುತ್ತದೆ. ಹೊಸ ಸೆಲ್ಲು ಮಲ್ಟಿಮೀಟರಿನಲ್ಲಿ 9ಕ್ಕಿಂತ ತುಸು ಮೇಲೇ ತೋರಿಸುವುದರಿಂದ ಮೊದಲಿಗೆ 47ರ ಹತ್ತಿರವೂ ಬಂದೀತು. ಆರು ಹಾಕಬೇಡಿ, ಮಿತಿ ಮೀರುತ್ತದೆ. ಒಂದು ಕ್ಷಾರೀಯ ಸೆಲ್ಲಿನಲ್ಲಿ ಸುಮಾರು 500 ಮಿಲಿ ಆಂಪಿಯರ್-ಗಂಟೆ ಇರುತ್ತದೆ. 3 ಮಿಲಿ ಆಂಪಿಯರಿನಂತೆ ಬಳಸಿದರೆ ಬರಿದಾಗಲು 160 ಗಂಟೆಗೂ ಹೆಚ್ಚು. ಆದರೆ ಬರಿದಾಗುವ ಬಹಳ ಮೊದಲೇ ವೋಲ್ಟೇಜು 44ರ ಕೆಳಗೆ ಇಳಿಯುತ್ತದೆ. ಆಮೇಲೂ ಕೆಲವು ಮೈಕುಗಳು ನಡೆಯುತ್ತವೆ, ಕೆಲವು ಗಟ್ಟಿ ದನಿಗೆ ಒಡೆದು ಕೇಳಿಸುತ್ತವೆ. ಹೊರಡುವ ಮೊದಲು ಮಲ್ಟಿಮೀಟರ್ ಇಟ್ಟು ನೋಡುವುದು ರೂಢಿಯಾಗಲಿ.

ಐದು ಸೆಲ್ಲು ಯಾವಾಗಲೂ ಬೇಕೆಂದೇನಿಲ್ಲ. ಮೈಕಿನ ಜೊತೆ ಬಂದ ಚೀಟಿಯನ್ನು ಓದಿ. ‘9–52 ವೋಲ್ಟು’ ಎಂದು ಬರೆದಿದ್ದರೆ ಎರಡೇ ಸೆಲ್ಲಿನ 18 ವೋಲ್ಟು ಸಾಕು. ‘48’ ಎಂದಷ್ಟೇ ಇದ್ದರೆ ಐದನ್ನೂ ಹಾಕಿ. ಸೆಲ್ಲಿನ ಕರೆಂಟು ಒಂದೇ ದಿಕ್ಕಿಗೆ ಹರಿಯುವುದರಿಂದ ‘ಜುಂಯ್’ ಸದ್ದು ಅದರಿಂದ ಬರುವುದೇ ಇಲ್ಲ. ಸ್ಟುಡಿಯೊದ ದುಬಾರಿ ಪೆಟ್ಟಿಗೆಗಿಂತ ಈ ಐದು ಸೆಲ್ಲುಗಳೇ ಹೆಚ್ಚು ಶುದ್ಧ. ಚೀಲದಲ್ಲಿ ಇಡುವಾಗ ಸೆಲ್ಲಿನ ಬಾಯಿಗೆ ಟೇಪು ಸುತ್ತಿ. ಕೀಲಿಯೋ ನಾಣ್ಯವೋ ತಾಗಿದರೆ ಸೆಲ್ಲು ಕಾಯುತ್ತದೆ, ಬೆಂಕಿಯೂ ಹತ್ತಬಹುದು.

ರೆಸಿಸ್ಟರ್ ಹೊಸದಾಗಿ ಹಾಕಬೇಕಾದರೆ ಒಂದು ಚೆಂದದ ಕೆಲಸ ಇದೆ. 6,800 ಓಮಿನ ರೆಸಿಸ್ಟರುಗಳು ಪಟ್ಟಿಯಲ್ಲಿ ಬರುತ್ತವೆ, ಒಂದೊಂದಕ್ಕೆ ಬೆಲೆಯೂ ಬಹಳ ಕಡಿಮೆ. ಪಟ್ಟಿಯ ಒಂದೊಂದನ್ನೂ ಅಳೆದು ಬರೆದಿಡಿ. 6,790, 6,824, 6,771 ಹೀಗೆ ಒಂದೊಂದೂ ಒಂದೊಂದು ತೋರಿಸಬಹುದು. ಅವುಗಳಲ್ಲಿ ಒಂದಕ್ಕೊಂದು ತೀರ ಹತ್ತಿರದ ಎರಡನ್ನು ಆರಿಸಿ. 6,800ಕ್ಕೆ 0.4 ಶೇಕಡ ಎಂದರೆ 27 ಓಮ್, ಅದರೊಳಗಿನ ಜೋಡಿ ಬೇಕು.

ಇನ್ನು ಧ್ವನಿ ಹೋಗುವ ಕಡೆ. ನಿಜವಾದ ಎಚ್ಚರ ಬೇಕಾದದ್ದು ಇಲ್ಲಿ. ದೊಡ್ಡ ಯಂತ್ರಗಳು ಎರಡು ವೈರಿನ ವ್ಯತ್ಯಾಸ ನೋಡುತ್ತವೆ ಎಂದೆನಲ್ಲ, ಪುಟ್ಟ ರೆಕಾರ್ಡರು ಹಾಗಲ್ಲ. ಅದು ಒಂದು ವೈರನ್ನು ನೆಲದ ಜೊತೆ ಹೋಲಿಸುತ್ತದೆ. ಆ ಒಂದು ವೈರಿನ ಮೇಲೆ 48 ವೋಲ್ಟು ಕೂತಿದೆ. ಮೂರು ವೋಲ್ಟಿನ ಲೆಕ್ಕದಲ್ಲಿ ಕಟ್ಟಿದ ರೆಕಾರ್ಡರಿಗೆ 48 ನೇರ ಹೊಕ್ಕರೆ ಅದರ ಕಿವಿ ಕೆಡುತ್ತದೆ. ಇದನ್ನು ತಡೆಯುವುದು ಕೆಪಾಸಿಟರ್. ಅದರ ಒಳಗೆ ಎರಡು ಫಲಕಗಳು ಒಂದನ್ನೊಂದು ಮುಟ್ಟದೆ ಇರುತ್ತವೆ. ಒಂದೇ ದಿಕ್ಕಿನ 48 ವೋಲ್ಟು ಬಂದರೆ ಫಲಕ ಒಮ್ಮೆ ತುಂಬಿಕೊಂಡು ಸುಮ್ಮನಾಗುತ್ತದೆ, ಆಚೆಗೆ ದಾಟುವುದಿಲ್ಲ. ಹಿಂದೆ ಮುಂದೆ ಹರಿದಾಡುವ ಧ್ವನಿಯ ಸಂಕೇತ ಬಂದರೆ ಈಚೆಯ ಫಲಕ ಏರಿಳಿದಂತೆ ಆಚೆಯದೂ ಏರಿಳಿಯುತ್ತದೆ. ಧ್ವನಿ ದಾಟಿತು, 48 ಉಳಿಯಿತು.

ಅಂಗಡಿಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕೆಪಾಸಿಟರ್ ಇರುತ್ತದೆ. ‘ಇರುತ್ತದೆ’ ಎಂದು ನಂಬಿ ಕೂರಬೇಡಿ, ಅಳೆದು ನೋಡಿ. ಇಲ್ಲದಿದ್ದರೆ ಎರಡನೆಯ ಪಿನ್ನಿನ ವೈರಿಗೆ 10 ಮೈಕ್ರೊಫ್ಯಾರಡ್, 63 ವೋಲ್ಟು ತಡೆಯುವ ಒಂದನ್ನು ಸೇರಿಸಬೇಕು. ಅದರ ಮೈಮೇಲೆ ಋಣದ ಗೆರೆ ಇರುತ್ತದೆ. ಗೆರೆ ಇರುವ ಕಾಲು ರೆಕಾರ್ಡರಿನ ಕಡೆಗೆ, ಇನ್ನೊಂದು ಕಾಲು ಮೈಕಿನ ಕಡೆಗೆ. ತಿರುಗಿಸಿ ಹಾಕಿದರೆ ಅದು ಕೆಡುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ರೆಕಾರ್ಡರಿನ ಕಡೆಯ ಕಾಲಿನಿಂದ 3.5 ಮಿಲಿಮೀಟರಿನ ಜ್ಯಾಕಿನ ತುದಿಗೂ ನಡುವಿನ ಬಳೆಗೂ ವೈರು ಕೊಡಿ, ಆಗ ಎರಡೂ ಕಿವಿಗೆ ಧ್ವನಿ ಬರುತ್ತದೆ. ಒಂದನೆಯ ಪಿನ್ನು ಜ್ಯಾಕಿನ ಬುಡಕ್ಕೆ. ಮೂರನೆಯ ಪಿನ್ನು ರೆಸಿಸ್ಟರಿನ ತನಕ ಬಂದು ಅಲ್ಲೇ ನಿಲ್ಲಲಿ. ಇದರಿಂದ ಎರಡು ವೈರಿನ ಲಾಭವನ್ನು ನಾವು ಕಳೆದುಕೊಂಡೆವು, ಅದು ನಿಜ. ಹಾಗಾಗಿ ಪೆಟ್ಟಿಗೆಯಿಂದ ರೆಕಾರ್ಡರಿಗೆ ಹೋಗುವ ವೈರು ಗೇಣುದ್ದ ಇದ್ದರೆ ಸಾಕು, ಉದ್ದವಾದರೆ ಹೊರಗಿನ ಗದ್ದಲವನ್ನು ಹಿಡಿಯುತ್ತದೆ.

ಕೆಪಾಸಿಟರ್ 10 ಮೈಕ್ರೊಫ್ಯಾರಡ್ ಏಕೆ, ಒಂದು ಏಕಾಗಬಾರದು? ಚಿಕ್ಕ ಕೆಪಾಸಿಟರ್ ನಿಧಾನದ ಕಂಪನಗಳನ್ನೂ ತಡೆದುಬಿಡುತ್ತದೆ. ರೆಕಾರ್ಡರಿನ ಬಾಯಿ 2,000 ಓಮ್ ಎಂದುಕೊಂಡರೆ, 1 ಮೈಕ್ರೊಫ್ಯಾರಡ್ ಹಾಕಿದಾಗ ಸೆಕೆಂಡಿಗೆ 80 ಕಂಪನಕ್ಕಿಂತ ಕೆಳಗಿನ ಧ್ವನಿ ಸವೆಯುತ್ತ ಹೋಗುತ್ತದೆ. ಡೊಳ್ಳಿನ ಗುಡುಗು ತೆಳ್ಳಗಾಗುತ್ತದೆ. 10 ಹಾಕಿದರೆ ಆ ಗೆರೆ 8ಕ್ಕೆ ಇಳಿಯುತ್ತದೆ. ಮನುಷ್ಯನ ಕಿವಿಗೆ ಕೇಳುವುದೇ 20ರಿಂದ ಮೇಲೆ, ಹಾಗಾಗಿ ಏನೂ ನಷ್ಟವಿಲ್ಲ.

ಇನ್ನೂ ಒಂದು ಸಣ್ಣ ಸೇರ್ಪಡೆ: ಜ್ಯಾಕಿನ ತುದಿಗೂ ಬುಡಕ್ಕೂ ನಡುವೆ 1 ಲಕ್ಷ ಓಮಿನ ಒಂದು ರೆಸಿಸ್ಟರ್. ಸ್ವಿಚ್ ಹಾಕಿದ ಗಳಿಗೆಯಲ್ಲಿ ಕೆಪಾಸಿಟರ್ ತುಂಬಿಕೊಳ್ಳುವಾಗ ಒಂದು ದೊಡ್ಡ ತಳ್ಳು ಆಚೆ ಬರುತ್ತದೆ. ಈ ರೆಸಿಸ್ಟರ್ ಅದನ್ನು ನೆಲಕ್ಕೆ ಇಳಿಸುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಜೋಡಿಸುವ ಕ್ರಮ ಹೀಗಿರಲಿ: ಮೊದಲು ಮೈಕನ್ನು ಪೆಟ್ಟಿಗೆಗೆ ಚುಚ್ಚಿ, ಆಮೇಲೆ ಪೆಟ್ಟಿಗೆಯ ಸ್ವಿಚ್ ಹಾಕಿ, ನಿಧಾನವಾಗಿ ಇಪ್ಪತ್ತು ಎಣಿಸಿ, ಕೊನೆಗೆ ರೆಕಾರ್ಡರಿಗೆ ಸೇರಿಸಿ. ತೆಗೆಯುವಾಗ ರೆಕಾರ್ಡರನ್ನು ಮೊದಲು ಬಿಡಿಸಿ. ರೆಕಾರ್ಡರ್ ತಾನಾಗಿ ಕೊಡುವ ಎರಡು ಮೂರು ವೋಲ್ಟನ್ನು ಅದರ ಮೆನುವಿನಲ್ಲಿ ಬಂದ್ ಮಾಡಿಡಿ. ಇಲ್ಲದಿದ್ದರೆ ಪೆಟ್ಟಿಗೆ ಆರಿದ್ದಾಗ ಅದು ಕೆಪಾಸಿಟರಿಗೆ ತಿರುಗುಮುರುಗಾಗಿ ಬಡಿಯುತ್ತದೆ.

ರೆಕಾರ್ಡರಿಗೆ ಚುಚ್ಚುವ ಮೊದಲು ಎರಡು ಅಳತೆ ತಪ್ಪಿಸಲೇಬೇಡಿ. ಮೈಕಿನ ಬಾಯಲ್ಲಿ ಒಂದು-ಎರಡನೆಯ ಪಿನ್ನಿನ ನಡುವೆ ಮತ್ತು ಒಂದು-ಮೂರನೆಯ ಪಿನ್ನಿನ ನಡುವೆ ಸಮನಾದ ವೋಲ್ಟೇಜು ತೋರಿಸಬೇಕು. ಜ್ಯಾಕಿನ ತುದಿ ಮತ್ತು ಬುಡದ ನಡುವೆ ಮುಳ್ಳು ಒಮ್ಮೆ ಎದ್ದು ಸೊನ್ನೆಯ ಹತ್ತಿರಕ್ಕೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ರೆಕಾರ್ಡರನ್ನು ಹತ್ತಿರಕ್ಕೂ ತರಬೇಡಿ, ಬೆಸುಗೆಯನ್ನು ಮತ್ತೆ ನೋಡಿ.

ಪೆಟ್ಟಿಗೆ ಸಿದ್ಧವಾದರೆ ಆಯಿಯ ಹತ್ತಿರ ಹೋಗಬಹುದು. ಫ್ಯಾನು, ಟಿವಿ ಆರಿಸಿ, ಮೊಬೈಲುಗಳನ್ನು ಪಕ್ಕದ ಮನೆಯಲ್ಲಿ ಬಿಡಿ. ಅವುಗಳ ‘ಟಕಟಕ’ ನಮ್ಮ ವೈರಿಗೆ ಬೇಗ ಹತ್ತುತ್ತದೆ. ಮೈಕನ್ನು ಮಡಿಸಿದ ಕೌದಿಯ ಮೇಲೆ, ಒಂದು ತೋಳಿನಷ್ಟು ದೂರದಲ್ಲಿಡಿ. ಕೌದಿ ಇದ್ದರೆ ನೆಲದ ಅದುರು ಮೈಕಿಗೆ ತಾಗುವುದಿಲ್ಲ. ಅತಿ ಗಟ್ಟಿಯಾಗಿ ಹಾಡಿದಾಗಲೂ ರೆಕಾರ್ಡರಿನ ಅಳತೆ ಮೈನಸ್ 12 ಡೆಸಿಬೆಲ್ಲಿನ ಹತ್ತಿರ ನಿಲ್ಲುವಂತೆ ಹೊಂದಿಸಿ. ಒಂದು ನಿಮಿಷ ಯಾರೂ ಮಾತಾಡದ ಅಂಗಳವನ್ನೂ ಹಿಡಿಯಿರಿ, ಮುಂದೆ ಗದ್ದಲ ಬೇರ್ಪಡಿಸುವವರಿಗೆ ಅದು ನೆರವಾಗುತ್ತದೆ. ಎಂಪಿ3 ಬೇಡ, ವೇವ್ ಫೈಲಿನಲ್ಲಿ ಉಳಿಸಿ. ಸೆಕೆಂಡಿಗೆ 48,000 ಮಾದರಿ, ಒಂದೊಂದಕ್ಕೆ 24 ಬಿಟ್ಟು. ಒಂದು ಗಂಟೆಯ ಹಾಡಿಗೆ 518 ಮೆಗಾಬೈಟು ಆಗುತ್ತದೆ, ಜೋಡಿ ಕಿವಿಗೆ ಅದರ ಎರಡರಷ್ಟು. ಮೆಮೊರಿ ಕಾರ್ಡು ಈಗ ಅಗ್ಗ. ಎರಡು ಪ್ರತಿ ಮಾಡಿ, ಒಂದು ಶಾಲೆಯಲ್ಲಿರಲಿ, ಇನ್ನೊಂದು ಬೇರೆ ಮನೆಯಲ್ಲಿರಲಿ.

ಹಾಡಿನ ಮೊದಲು ನೀವೇ ಮೈಕಿನಲ್ಲಿ ಹೇಳಿ: ತಾರೀಖು, ಊರು, ಓಣಿ, ಹಾಡುವವರ ಹೆಸರು, ಆ ಹಾಡು ಅವರಿಗೆ ಯಾರಿಂದ ಬಂತು. ತವರುಮನೆ ತಿಕೋಟಾದ ಕಡೆಯದೋ ಬಬಲೇಶ್ವರದ ಕಡೆಯದೋ ಎಂದು ಕೇಳಿ, ಒಂದೇ ಪದದ ಧಾಟಿ ಊರಿಂದ ಊರಿಗೆ ಬದಲಾಗುತ್ತದೆ. ಎಲ್ಲಕ್ಕಿಂತ ಮೊದಲು, “ಆಯಿ, ನಿನ್ನ ಹಾಡ ಹಿಡಕೊಳ್ಳಲೇನ?” ಎಂದು ಅವರ ಒಪ್ಪಿಗೆ ತೆಗೆದುಕೊಳ್ಳಿ. ಹಿಡಿದದ್ದನ್ನು ಮೊದಲು ಅವರಿಗೇ ಕೇಳಿಸಿ. ಅವರು ಬ್ಯಾಡ ಎಂದ ಹಾಡನ್ನು ಯಾರಿಗೂ ಕಳಿಸಬೇಡಿ, ಹೂಂ ಎಂದ ಹಾಡನ್ನು ನಾಳೆಗೆಂದು ಬಿಡಬೇಡಿ.